ಹೆಸರುಚೀಟಿಯ ಯಂತ್ರ

ಪದಾರ್ಥವೆಂಬ ಮಾತಿನಲ್ಲಿಯೇ ಪದವು ಅಡಗಿದೆ. ಪದಕ್ಕೆ ಅರ್ಥವಾಗಿ ನಿಂತುದೇ ಪದಾರ್ಥವೆಂದು ನಮ್ಮ ಪೂರ್ವದ ಶಾಸ್ತ್ರಜ್ಞರು ಬಗೆದರು. ಮನೆವಾರ್ತೆಯನ್ನು ನಡೆಸುವವರಿಗೆ ಇದು ದಿನದಿನದ ಅನುಭವ. ಅಟ್ಟದ ಮೇಲಿನ ಡಬ್ಬಿಯಲ್ಲಿ ಇರುವುದು ಮೆಂತ್ಯದ ಹಿಟ್ಟೋ ಸೀಗೆಪುಡಿಯೋ ತಿಳಿಯದಿದ್ದರೆ, ಆ ಪದಾರ್ಥವು ಮನೆಯಲ್ಲಿ ಇದ್ದೂ ಇಲ್ಲದಂತೆಯೇ. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯನು ತನ್ನ ಸಂಸ್ಕೃತ ಕೋಶಕ್ಕೆ ‘ಅಭಿಧಾನಚಿಂತಾಮಣಿ’ ಎಂಬ ಹೆಸರನ್ನಿಟ್ಟನು. ಹೆಸರುಗಳ ಸಂಗ್ರಹವೇ ಬೇಡಿದುದನ್ನು ಕೊಡುವ ರತ್ನವೆಂಬುದು ಅವನ ಅಭಿಪ್ರಾಯವಾಗಿರಬೇಕು. ಚಿಂತಾಮಣಿಯೆಂಬ ಊರನ್ನೇ ತಮ್ಮ ತಾಲ್ಲೂಕುಗಳಲ್ಲಿ ಒಂದಕ್ಕೆ ಕೇಂದ್ರವಾಗಿ ಪಡೆದಿರುವ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಈ ಉಪಮಾನವು ದೂರದ್ದೆಂದು ತೋರಲಾರದು.

ಹೆಸರನ್ನು ವಸ್ತುವಿಗೆ ಅಂಟಿಸುವ ತುಂಡು ಕಾಗದಕ್ಕೆ ಇಂದು ಎಲ್ಲರೂ ಲೇಬಲ್ ಎನ್ನುತ್ತಾರೆ. ಅದು ಅಲ್ಪವಾದ ವಸ್ತುವೆಂದು ಭಾವಿಸುವವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಬಹುದು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಗಳಲ್ಲಿ ಆ ಗ್ರಂಥವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯವನ್ನು ಹೇಳುವ ಪ್ರಕರಣವೊಂದುಂಟು. ಸರಕನ್ನು ತಂದ ವರ್ತಕನು ಯಾರು, ಎಲ್ಲಿಂದ ಬಂದನು, ಎಷ್ಟು ತಂದನು, ಗುರುತಿನ ಮುದ್ರೆಯನ್ನು ಎಲ್ಲಿ ಹಾಕಿಸಿದನು ಎಂಬುದನ್ನೆಲ್ಲ ಸುಂಕದ ಕಟ್ಟೆಯಲ್ಲಿ ಬರೆದುಕೊಳ್ಳತಕ್ಕದ್ದು. ಮುದ್ರೆಯಿಲ್ಲದ ಸರಕಿಗೆ ಸುಂಕದ ಎರಡರಷ್ಟು ದಂಡ. ಕಳ್ಳಮುದ್ರೆಯ ಸರಕಿಗೆ ಎಂಟರಷ್ಟು. ಹೆಸರಿಲ್ಲದಿರುವುದು ದೋಷ, ಸುಳ್ಳು ಹೆಸರಿರುವುದು ಅದರ ನಾಲ್ಕುಪಟ್ಟು ದೋಷವೆಂಬ ಈ ಲೆಕ್ಕವು ಸುಂಕದ ಕಟ್ಟೆಯನ್ನು ಬಿಟ್ಟು ಅಡುಗೆಮನೆಗೂ ಔಷಧದ ಪೆಟ್ಟಿಗೆಗೂ ಸಲ್ಲುವಂಥದು.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗಂತೂ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಫ್ರಾನ್ಸಿನಲ್ಲಿ ಪೆಬ್ರಿನ್ ಎಂಬ ರೋಗದಿಂದ ರೇಷ್ಮೆಹುಳುಗಳು ನಾಶವಾಗುತ್ತಿದ್ದಾಗ, 1865ರಲ್ಲಿ ಲೂಯಿ ಪಾಶ್ಚರನು ಅಲೇಸ್ ಎಂಬ ಊರಿಗೆ ಬಂದು ಐದು ವರ್ಷಗಳ ಕಾಲ ಆ ವಿಷಯದಲ್ಲಿ ಶ್ರಮಿಸಿದನು. ಅವನು ಕೊನೆಗೆ ಕಂಡುಕೊಂಡ ಉಪಾಯವು ಬಹು ಸರಳವಾದುದು. ಒಂದೊಂದು ತಾಯಿಚಿಟ್ಟೆಯನ್ನೂ ಬೇರೆ ಬೇರೆ ಬಟ್ಟೆಯ ತುಂಡಿನ ಮೇಲೆ ಮೊಟ್ಟೆಯಿಡಗೊಡುವುದು, ಆ ಚಿಟ್ಟೆಯನ್ನು ಅದೇ ಬಟ್ಟೆಯೊಡನೆ ಕಾಪಾಡುವುದು, ಬಳಿಕ ಚಿಟ್ಟೆಯ ದೇಹವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ರೋಗ ಕಂಡರೆ ಆ ತುಂಡಿನ ಮೊಟ್ಟೆಗಳನ್ನೆಲ್ಲ ಸುಡುವುದು. ಯಾವ ಮೊಟ್ಟೆ ಯಾವ ತಾಯಿಯದೆಂಬ ಗುರುತು ತಪ್ಪಿದರೆ ಸೂಕ್ಷ್ಮದರ್ಶಕವಿದ್ದೂ ಪ್ರಯೋಜನವಿಲ್ಲ. ಇಂದಿಗೂ ರೋಗರಹಿತ ಮೊಟ್ಟೆಯ ತಯಾರಿಕೆಗೆ ತಾಯಿಚಿಟ್ಟೆಯ ಪರೀಕ್ಷೆಯೇ ಆಧಾರ. ಗೌರಿಬಿದನೂರಿನ ಬಳಿ 1976ರಿಂದ ಕೆಲಸ ಮಾಡುತ್ತ ಬಂದ ರೇಡಿಯೋ ದೂರದರ್ಶಕದ ಮೊದಲ ವ್ಯೂಹದಲ್ಲಿ ಸಾವಿರ ಡೈಪೋಲುಗಳಿದ್ದುವು. ಒಂದೇ ಬಗೆಯ ಸಾವಿರ ವಸ್ತುಗಳ ನಡುವೆ ಕೆಟ್ಟ ಒಂದನ್ನು ಹುಡುಕಬೇಕಾದವನಿಗೆ ಸಂಖ್ಯೆಯ ಬೆಲೆಯೇನೆಂಬುದನ್ನು ಯಾರೂ ಬೋಧಿಸಬೇಕಾಗಿಲ್ಲ.

ಹೀಗೆ ಹೆಸರುಚೀಟಿಯು ದೊಡ್ಡ ಕಾರ್ಯಗಳಲ್ಲಿ ಎಷ್ಟು ಮುಖ್ಯವೋ ಚಿಕ್ಕ ಮನೆಯಲ್ಲಿಯೂ ಅಷ್ಟೇ ಮುಖ್ಯ. ಅದನ್ನು ಅಚ್ಚು ಮಾಡುವ ಯಂತ್ರವನ್ನು ಆರಿಸಿಕೊಳ್ಳುವುದು ಈಗ ಅನೇಕ ಗೃಹಸ್ಥರಿಗೆ ಒದಗಿರುವ ಪ್ರಶ್ನೆ. ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮುಂತಾದ ಮುಕ್ತ ತಂತ್ರಾಂಶವನ್ನು ಹಾಕಿಸಿಕೊಂಡವರಿಗೆ ಆ ಪ್ರಶ್ನೆಯು ಇನ್ನೂ ಸ್ವಲ್ಪ ಕಠಿನವಾಗುವುದು. ಅದರ ಸ್ವರೂಪವು ಒಂದು ಮನೆಯ ವೃತ್ತಾಂತದಿಂದ ಸುಲಭವಾಗಿ ತಿಳಿದೀತು.

ಚಿಕ್ಕಬಳ್ಳಾಪುರದ ಆ ಮನೆಯಲ್ಲಿ ನಾಲ್ಕು ತಲೆಮಾರಿನವರು ಒಟ್ಟಿಗೆ ವಾಸಿಸುತ್ತಾರೆ. ಯಜಮಾನರು ಅಂಚೆ ಇಲಾಖೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತರಾದವರು. ವಿಳಾಸ ಸರಿಯಿಲ್ಲದ ಕಾಗದದ ಪಾಡು ಏನಾಗುವುದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರ ತಾಯಿಗೆ ಎಂಬತ್ತೆಂಟು ವರ್ಷ. ಕನ್ನಡವನ್ನು ಮಾತ್ರ ಓದಬಲ್ಲರು, ಅದನ್ನೂ ದಪ್ಪ ಅಕ್ಷರದಲ್ಲಿದ್ದರೆ ಮಾತ್ರ. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗಳೇ ಮನೆಯ ಕಂಪ್ಯೂಟರಿನ ಅಧಿಕಾರಿಣಿ. ವಿಂಡೋಸ್ 10ಕ್ಕೆ ಅದರ ಕಂಪೆನಿಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ಆವೃತ್ತಿಯನ್ನು ಆ ಹಳೆಯ ಯಂತ್ರವು ಒಪ್ಪಲಿಲ್ಲ. ಚೆನ್ನಾಗಿ ನಡೆಯುವ ಯಂತ್ರವನ್ನು ಎಸೆಯುವುದು ಅಂಚೆಯವರ ಮನಸ್ಸಿಗೆ ಬಾರದು. ಮೊಮ್ಮಗಳು ಅದರಲ್ಲಿ ಡೆಬಿಯನ್ ಲಿನಕ್ಸನ್ನು ಸ್ಥಾಪಿಸಿದಳು, ಯಂತ್ರಕ್ಕೆ ಪುನರ್ಜನ್ಮವಾಯಿತು.

ಆ ಮನೆಯಲ್ಲಿ ಚೀಟಿಗಳಿಗೆ ಕೊರತೆಯಿರಲಿಲ್ಲ. ಬೆಂಗಳೂರಿನ ನಂಟರೊಬ್ಬರು ಅಂಗೈಯಗಲದ ಒಂದು ಲೇಬಲ್ ಯಂತ್ರವನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಅದು ಫೋನಿನ ಮೂಲಕ ನಡೆಯುವಂಥದು. ಮಸಿಯೂ ಬೇಡ, ರಿಬ್ಬನ್ನೂ ಬೇಡ. ಸೊಸೆಯು ಉಪ್ಪಿನಕಾಯಿಯ ಭರಣಿಗೂ ಮಸಾಲೆಯ ಡಬ್ಬಿಗೂ ಅದರಿಂದ ಚೀಟಿಗಳನ್ನು ಮಾಡಿ ಅಂಟಿಸಿದಳು. ಅಜ್ಜಿಯ ಎರಡು ಔಷಧದ ಸೀಸೆಗಳಿಗೂ ‘ಬೆಳಿಗ್ಗೆ’, ‘ರಾತ್ರಿ’ ಎಂದು ಹೆಸರಾಯಿತು. ಎರಡೂ ಸೀಸೆಗಳಲ್ಲಿ ಬಿಳಿಯ, ದುಂಡಗಿನ, ಒಂದೇ ಅಳತೆಯ ಮಾತ್ರೆಗಳು. ಬೇಸಗೆ ಬಂತು. ಸೀಸೆಗಳು ಇರುತ್ತಿದ್ದುದು ಬಿಸಿಲು ಬೀಳುವ ಕಿಟಕಿಯ ದಂಡೆಯ ಮೇಲೆ. ಒಂದು ಸಂಜೆ ಅಜ್ಜಿಯು ಎರಡು ಸೀಸೆಗಳನ್ನೂ ಕೈಯಲ್ಲಿ ಹಿಡಿದು ಮಗನನ್ನು ಕರೆದರು.

“ಇದರ ಮೇಲೆ ಏನೂ ಕಾಣಿಸುವುದಿಲ್ಲವಪ್ಪ. ನನ್ನ ಕಣ್ಣು ಹೋಯಿತೋ, ಅಕ್ಷರವೇ ಹೋಯಿತೋ?”

“ಎರಡನ್ನೂ ಅಲ್ಲೇ ಇಡಮ್ಮ, ಬಂದೆ. ತೆಗೆದುಕೊಂಡೆಯಾ?”

“ಗೊತ್ತಾಗದೆ ಹೇಗೆ ತೆಗೆದುಕೊಳ್ಳಲಿ? ನೀನು ಬರಲಿ ಎಂದೇ ಕಾದೆ.”

ಅಕ್ಷರವೇ ಹೋಗಿತ್ತು. ಆ ವೃದ್ಧೆಯು ಸಂದೇಹಪಟ್ಟು ಕಾದುದರಿಂದ ಕೇಡು ತಪ್ಪಿತು. ಸಂದೇಹಪಡದ ಸ್ವಭಾವದವರಾಗಿದ್ದರೆ, ಅಥವಾ ಒಂದು ಅಕ್ಷರವು ಅರ್ಧ ಉಳಿದು ಬೇರೊಂದರಂತೆ ಕಂಡಿದ್ದರೆ, ಏನಾಗುತ್ತಿತ್ತೆಂಬುದನ್ನು ಆ ರಾತ್ರಿ ಮನೆಯವರೆಲ್ಲರೂ ಯೋಚಿಸಿದರು. ಹೊಸ ಯಂತ್ರವನ್ನು ಕೊಳ್ಳುವ ವಿಚಾರವು ಹುಟ್ಟಿದುದು ಹೀಗೆ.

ಅಕ್ಷರವು ಏಕೆ ಅಳಿಯಿತೆಂಬುದನ್ನು ಮೊದಲು ತಿಳಿಯಬೇಕು. ಲೇಬಲ್ ಯಂತ್ರಗಳಲ್ಲಿ ಬಹುಭಾಗವು ಶಾಖದಿಂದ ಅಚ್ಚೊತ್ತುವಂಥವು. ಅವುಗಳಲ್ಲಿ ಎರಡು ಪಂಗಡ. ಮೊದಲನೆಯದರಲ್ಲಿ ಕಾಗದಕ್ಕೇ ಒಂದು ರಾಸಾಯನಿಕ ಲೇಪವಿರುವುದು. ಯಂತ್ರದ ಬಿಸಿಯಾದ ಸೂಕ್ಷ್ಮ ಮೊನೆಗಳು ತಗುಲಿದ ಕಡೆಗಳಲ್ಲಿ ಲೇಪವು ಕಪ್ಪಾಗಿ ಅಕ್ಷರವಾಗುವುದು. ಬಸ್ಸಿನ ಕಂಡಕ್ಟರು ಯಂತ್ರದಿಂದ ಹರಿದುಕೊಡುವ ಟಿಕೆಟ್ಟು ಈ ಜಾತಿಯದು. ಅದನ್ನು ಅಂಗಿಯ ಜೇಬಿನಲ್ಲಿ ಮರೆತವರು ಕೆಲವು ತಿಂಗಳ ಬಳಿಕ ಖಾಲಿ ಕಾಗದವನ್ನು ಕಂಡಿರುತ್ತಾರೆ. ಬಿಸಿಲು, ಎಣ್ಣೆ, ಸ್ಪಿರಿಟ್ಟು, ಕೆಲವು ಬಗೆಯ ಪ್ಲಾಸ್ಟಿಕ್ಕಿನ ಸಂಪರ್ಕ, ಇವು ಅದರ ಶತ್ರುಗಳು. ಪಾರ್ಸಲಿನ ಮೇಲಿನ ವಿಳಾಸಕ್ಕೆ ಈ ವಿಧಾನವು ತಕ್ಕುದೇ. ಪಾರ್ಸಲು ನಾಲ್ಕು ದಿನಗಳಲ್ಲಿ ಮುಟ್ಟಿದ ಮೇಲೆ ವಿಳಾಸದ ಕೆಲಸ ಮುಗಿಯಿತು. ಎಣ್ಣೆಯ ಕೈಯಲ್ಲಿ ಮುಟ್ಟುವ ಉಪ್ಪಿನಕಾಯಿ ಭರಣಿಗೆ ಅದು ಸಲ್ಲದು.

ಎರಡನೆಯ ಪಂಗಡದಲ್ಲಿ ಕಾಗದವು ಸಾಧಾರಣವಾದುದು. ಯಂತ್ರದೊಳಗೆ ಮೇಣ ಅಥವಾ ರಾಳವನ್ನು ಲೇಪಿಸಿದ ಒಂದು ತೆಳು ರಿಬ್ಬನ್ ಇರುವುದು. ಶಾಖವು ತಗುಲಿದಲ್ಲಿ ಆ ಲೇಪವು ಕರಗಿ ಕಾಗದಕ್ಕೆ ಅಂಟುವುದು. ಇದಕ್ಕೆ ಥರ್ಮಲ್ ಟ್ರಾನ್ಸ್‌ಫರ್ ಎಂದು ಹೆಸರು. ಮೇಣದ ರಿಬ್ಬನ್ ಕಾಗದದ ಚೀಟಿಗೆ ಸಾಕು. ಮೇಣ-ರಾಳ ಬೆರೆತುದು ಉಜ್ಜಾಟವನ್ನು ಹೆಚ್ಚಾಗಿ ತಡೆಯುವುದು. ಕೇವಲ ರಾಳದ ರಿಬ್ಬನ್ನನ್ನು ಪಾಲಿಯೆಸ್ಟರ್ ಚೀಟಿಯೊಡನೆ ಬಳಸಿದರೆ ನೀರಿಗೂ ಅನೇಕ ರಾಸಾಯನಿಕಗಳಿಗೂ ಅದು ಬಗ್ಗದು. ಯಜಮಾನರ ತಂಗಿಯ ಮಗನು ಶಿಡ್ಲಘಟ್ಟದ ಕಡೆಯ ಹಳ್ಳಿಯಲ್ಲಿ ರೇಷ್ಮೆ ಸಾಕುತ್ತಾನೆ. ಹುಳು ಸಾಕುವ ಮನೆಯಲ್ಲಿ ತೇವವೇ ನಿಯಮ. ಬೆಳೆಯಿಂದ ಬೆಳೆಗೆ ಸುಣ್ಣವೂ ಬ್ಲೀಚಿಂಗ್ ಪುಡಿಯೂ ಬೀಳುವುವು. ಯಾವ ತಟ್ಟೆಯ ಹುಳು ಯಾವ ದಿನ ಚಾಕಿಯಾಯಿತು, ಎಷ್ಟನೆಯ ಜ್ವರದಲ್ಲಿದೆ ಎಂಬುದನ್ನು ಅವನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದನು. ಅವನಿಗೆ ಬೇಕಾದುದು ಈ ಕೊನೆಯ ಬಗೆಯ ಚೀಟಿಯೇ. ಹೀಗೆ ಯಂತ್ರವೊಂದನ್ನು ಕೊಂಡರೆ ಎರಡು ಮನೆಗಳ ಕೆಲಸವು ನಡೆಯುವುದೆಂಬುದು ಗೊತ್ತಾಯಿತು.

ಬಾಳಿಕೆಯ ವಿಚಾರವು ಮುಗಿದ ಮೇಲೆ ಅಕ್ಷರದ ವಿಚಾರ. ಈ ಯಂತ್ರಗಳು ಚುಕ್ಕೆಗಳಿಂದ ಅಕ್ಷರವನ್ನು ಕಟ್ಟುವುವು. ಸಾಮಾನ್ಯವಾದ ಯಂತ್ರದಲ್ಲಿ ಅಂಗುಲಕ್ಕೆ 203 ಚುಕ್ಕೆ, ಎಂದರೆ ಮಿಲಿಮೀಟರಿಗೆ 8. ಮೇಲ್ತರಗತಿಯದರಲ್ಲಿ ಅಂಗುಲಕ್ಕೆ 300, ಮಿಲಿಮೀಟರಿಗೆ ಸುಮಾರು 12. ಇಂಗ್ಲಿಷ್ ಅಕ್ಷರಗಳಿಗೆ ಮೊದಲನೆಯದು ಧಾರಾಳವಾಗಿ ಸಾಕು. ಕನ್ನಡದ ಪಾಡು ಬೇರೆ. ಮೂರು ಮಿಲಿಮೀಟರು ಎತ್ತರದ ಜಾಗದಲ್ಲಿ ಅಕ್ಷರಕ್ಕೆ ಎರಡು ಮಿಲಿಮೀಟರನ್ನು ಕೊಟ್ಟರೆ ಒತ್ತಕ್ಷರಕ್ಕೆ ಉಳಿಯುವುದು ಒಂದು. ಎಂಟು ಚುಕ್ಕೆಗಳಲ್ಲಿ ಒಂದು ಒತ್ತನ್ನು ತೋರಿಸಬೇಕು. ಕೆಲವು ಅಕ್ಷರಗಳಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಭೇದವೋ ಹೊಟ್ಟೆಯ ಕೆಳಗಿನ ಒಂದು ಸೀಳು. ಅದು ಮುಚ್ಚಿಹೋದರೆ ಧನವು ದನವಾಗುವುದು. ಪಾಠಶಾಲೆಯ ಹುಡುಗನು ಹಾಗೆ ಬರೆದರೆ ತಿದ್ದಬಹುದು. ಯಂತ್ರವನ್ನು ಕೊಂಡ ಮೇಲೆ ತಿದ್ದುವ ಬಗೆಯಿಲ್ಲ.

ಪರೀಕ್ಷೆಗೆ ಮೊಮ್ಮಗಳು ಒಂದು ಒಳ್ಳೆಯ ಉಪಾಯವನ್ನು ಹೂಡಿದಳು. ಜಿಲ್ಲೆಯ ನಾಲ್ಕು ಊರುಗಳ ಹೆಸರುಗಳನ್ನೇ ಒಂದು ಚೀಟಿಯಲ್ಲಿ ಅಚ್ಚು ಮಾಡಿಸಿ ನೋಡಿದರೆ ಕನ್ನಡ ಲಿಪಿಯ ಕಷ್ಟಗಳು ಬಹುಮಟ್ಟಿಗೆ ಬಯಲಾಗುವುವೆಂಬುದು ಅವಳ ಎಣಿಕೆ. ‘ಚಿಕ್ಕಬಳ್ಳಾಪುರ’ದಲ್ಲಿ ಎರಡು ಒತ್ತುಗಳೂ, ಪಕಾರಕ್ಕೆ ಕೆಳಗಿನಿಂದ ಸೇರುವ ಕೊಂಬೂ ಇವೆ. ‘ಗೌರಿಬಿದನೂರು’ ಎಂಬಲ್ಲಿ ದಕಾರವು ಧಕಾರವೆಂದು ಭ್ರಮೆ ಹುಟ್ಟಿಸಬಾರದು, ನೂಕಾರದ ದೀರ್ಘವು ಮುಂದಿನ ಅಕ್ಷರಕ್ಕೆ ಅಂಟಬಾರದು. ‘ಚಿಂತಾಮಣಿ’ಯಲ್ಲಿ ಸೊನ್ನೆಯು ತುಂಬಿಹೋಗದೆ ದುಂಡಗೆ ನಿಲ್ಲಬೇಕು, ಮಕಾರವು ವಕಾರವಾಗಬಾರದು. ‘ಶಿಡ್ಲಘಟ್ಟ’ವು ಕಡೆಯ ಪರೀಕ್ಷೆ, ಡಕಾರದ ಕೆಳಗೆ ಲಕಾರ, ಟಕಾರದ ಕೆಳಗೆ ಟಕಾರ, ನಡುವೆ ಘಕಾರ. ಇವನ್ನು ಅಜ್ಜಿಯು ಕನ್ನಡಕದೊಡನೆ ಓದಬಲ್ಲರಾದರೆ ಯಂತ್ರವು ಉತ್ತೀರ್ಣ.

ಹಾಗೆ ನೋಡಿದಾಗ ಒಂದು ಸಂಗತಿಯು ಸ್ಪಷ್ಟವಾಯಿತು. ಐವತ್ತಕ್ಕೆ ಇಪ್ಪತ್ತೈದು ಮಿಲಿಮೀಟರಿನ ಚೀಟಿಯಲ್ಲಿ 203 ಚುಕ್ಕೆಯ ಯಂತ್ರಕ್ಕೆ ಸಿಕ್ಕುವುದು 400ಕ್ಕೆ 200 ಚುಕ್ಕೆಗಳ ಅಂಗಳ. ಔಷಧದ ಸೀಸೆಗೆ ಒಂದೇ ಮಾತನ್ನು ದಪ್ಪವಾಗಿ ಬರೆಯಲು ಅದು ಸಾಕು. ಪುಸ್ತಕದ ಬೆನ್ನಿಗೆ ಗ್ರಂಥದ ಹೆಸರು, ಕರ್ತೃವಿನ ಹೆಸರು, ಸಂಖ್ಯೆ ಮೂರನ್ನೂ ಹಿಡಿಸಬೇಕಾದರೆ 300 ಚುಕ್ಕೆಯದೇ ಬೇಕು. ಯಜಮಾನರ ಮನೆಯಲ್ಲಿ ಮೂರು ಬೀರು ತುಂಬ ಪುಸ್ತಕಗಳಿವೆ.

ಇಲ್ಲಿಯೇ ಒಂದು ಮೋಸಕ್ಕೆ ಎಡೆಯುಂಟು. ಲೇಬಲ್ ಯಂತ್ರಗಳ ಒಳಗೆ ಕೆಲವು ಅಕ್ಷರರೂಪಗಳನ್ನು ಮೊದಲೇ ಇರಿಸಿರುತ್ತಾರೆ. ಅವುಗಳಲ್ಲಿ ಕನ್ನಡವು ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡದ ಸಂಕೇತಗಳನ್ನು ಹಾಗೆಯೇ ಕಳಿಸಿದರೆ ಖಾಲಿ ಚೌಕಗಳೋ ಅರ್ಥವಿಲ್ಲದ ಗುರುತುಗಳೋ ಬರುವುವು. ಕಂಪ್ಯೂಟರಿನಲ್ಲಿಯೇ ಅಕ್ಷರಗಳನ್ನು ಕೂಡಿಸಿ, ಚಿತ್ರವಾಗಿ ಮಾಡಿ, ಆ ಚಿತ್ರವನ್ನು ಯಂತ್ರಕ್ಕೆ ಕಳಿಸುವುದೇ ಸರಿಯಾದ ಮಾರ್ಗ. ಕನ್ನಡ ಲಿಪಿಯು 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆಯಿತು. ಒತ್ತು, ಕೊಂಬು, ದೀರ್ಘಗಳನ್ನು ತಕ್ಕ ಸ್ಥಾನದಲ್ಲಿ ಕೂರಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶವು ಮುಕ್ತವಾದುದು. ಲಿನಕ್ಸಿನಲ್ಲಿ ಅದು ತಾನಾಗಿಯೇ ಇರುವುದು. ಮುಕ್ತವಾಗಿ ದೊರೆಯುವ ಕನ್ನಡ ಅಕ್ಷರರೂಪಗಳಿಗೆ ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ ಎಂಬ ಸೊಗಸಾದ ಹೆಸರುಗಳಿವೆ. ಲೋಹಿತ್ ಮತ್ತು ನೋಟೊ ಎಂಬುವೂ ಇವೆ. ಚುಕ್ಕೆಗಳು ಕಡಿಮೆಯಿರುವಲ್ಲಿ ಗೆರೆಯ ದಪ್ಪವು ಒಂದೇ ಸಮನಾಗಿರುವ ರೂಪವನ್ನು ಆರಿಸಿಕೊಳ್ಳುವುದು ಲೇಸು. ಚಿತ್ರವಾಗಿ ಕಳಿಸುವುದರಿಂದ ಇನ್ನೊಂದು ಲಾಭವೂ ಉಂಟು. ಈ ಗಡಿಜಿಲ್ಲೆಯಲ್ಲಿ ಕನ್ನಡದೊಡನೆ ತೆಲುಗನ್ನು ಆಡದ ಮನೆಗಳು ವಿರಳ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು ಎರಡು ಭಾಷೆಗಳಲ್ಲಿಯೂ ಹಾಡಿದವರು. ಯಂತ್ರಕ್ಕೆ ಲಿಪಿಭೇದವೇ ತಿಳಿಯದಿದ್ದಾಗ ಒಂದೇ ಚೀಟಿಯಲ್ಲಿ ಎರಡು ಲಿಪಿಗಳೂ ಜಗಳವಿಲ್ಲದೆ ನಿಲ್ಲುವುವು.

ಇನ್ನು ಯಂತ್ರವು ಕಂಪ್ಯೂಟರಿನ ಮಾತನ್ನು ಕೇಳುವುದೋ ಇಲ್ಲವೋ ಎಂಬ ಪ್ರಶ್ನೆ. ಮುಕ್ತ ತಂತ್ರಾಂಶದ ಹುಟ್ಟಿಗೂ ಮುದ್ರಣಯಂತ್ರಕ್ಕೂ ಹಳೆಯ ನಂಟು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಒಂದು ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತನು ಕೆಲಸ ಮಾಡುತ್ತಿದ್ದನು. ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಾಗ ಕಾದಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಅವನು ಹಳೆಯ ಯಂತ್ರದ ತಂತ್ರಾಂಶವನ್ನು ತಿದ್ದಿದ್ದನು. 1980ರ ಸುಮಾರಿನಲ್ಲಿ ಜೆರಾಕ್ಸ್ ಕಂಪೆನಿಯ ಹೊಸ ಲೇಸರ್ ಯಂತ್ರವು ಬಂತು. ಅದರ ತಂತ್ರಾಂಶದ ಮೂಲವನ್ನು ಅವನಿಗೆ ಯಾರೂ ಕೊಡಲಿಲ್ಲ. ಯಂತ್ರವು ಕಣ್ಣೆದುರಿಗಿದ್ದರೂ ಅದರ ದೋಷವನ್ನು ತಿದ್ದುವ ಅಧಿಕಾರವಿಲ್ಲವೆಂಬುದು ಅವನ ಮನಸ್ಸನ್ನು ಕಲಕಿದ ಸಂಗತಿಗಳಲ್ಲಿ ಒಂದು. 1983ರ ಸೆಪ್ಟೆಂಬರಿನಲ್ಲಿ ಅವನು ಗ್ನೂ ಎಂಬ ಮುಕ್ತ ವ್ಯವಸ್ಥೆಯ ಸಂಕಲ್ಪವನ್ನು ಸಾರಿದನು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳು ಅದರೊಡನೆ ಸೇರಿತು. ಮುದ್ರಣದ ಕೆಲಸವನ್ನು ನೋಡಿಕೊಳ್ಳುವ ಕಪ್ಸ್ ಎಂಬ ವ್ಯವಸ್ಥೆಯನ್ನು ಮೈಕೆಲ್ ಸ್ವೀಟ್ ಎಂಬಾತನು 1999ರಲ್ಲಿ ಹೊರತಂದನು. 2007ರಲ್ಲಿ ಆ್ಯಪಲ್ ಕಂಪೆನಿಯು ಅದನ್ನು ಕೊಂಡುಕೊಂಡರೂ ಮೂಲವು ಮುಕ್ತವಾಗಿಯೇ ಉಳಿಯಿತು. ಅದರ ಜೊತೆಗೇ ಜೀಬ್ರಾ, ಡೈಮೋ ಮುಂತಾದ ಲೇಬಲ್ ಯಂತ್ರಗಳ ಕೆಲವು ಚಾಲಕಗಳು ಬರುತ್ತಿದ್ದುವು. ಅದೇ ಸ್ವೀಟ್ ಈಚೆಗೆ ಲೇಬಲ್ ಯಂತ್ರಗಳಿಗಾಗಿಯೇ ಎಲ್‌ಪ್ರಿಂಟ್ ಎಂಬುದನ್ನು ರಚಿಸಿದ್ದಾನೆ.

ಇದರಿಂದ ಕೊಳ್ಳುವವನಿಗೆ ಒದಗುವ ನಿಯಮವು ಸ್ಪಷ್ಟವಾಗಿದೆ. ಯಂತ್ರವು ಕೇಳುವ ಭಾಷೆಯ ವ್ಯಾಕರಣವು ಪ್ರಕಟವಾಗಿರಬೇಕು. ಜೀಬ್ರಾ ಕಂಪೆನಿಯ ಜಡ್.ಪಿ.ಎಲ್. ಎಂಬ ಆಜ್ಞಾಭಾಷೆಯ ಕೈಪಿಡಿಯು ಎಲ್ಲರಿಗೂ ದೊರೆಯುವುದು, ತೈವಾನಿನ ಟಿ.ಎಸ್.ಸಿ. ಕಂಪೆನಿಯ ಟಿ.ಎಸ್.ಪಿ.ಎಲ್. ಎಂಬುದೂ ಅಂಥದೇ. ಬೇರೆ ಅನೇಕ ತಯಾರಕರ ಯಂತ್ರಗಳು ಇವುಗಳಲ್ಲಿ ಒಂದನ್ನು ಅರ್ಥಮಾಡಿಕೊಳ್ಳುವುವು. ಹಾಗಿದ್ದರೆ ತಯಾರಕರು ಲಿನಕ್ಸಿಗೆ ಏನನ್ನೂ ಕೊಡದಿದ್ದರೂ ಕೆಲಸ ನಿಲ್ಲದು. ವ್ಯಾಕರಣವು ಗುಟ್ಟಾಗಿದ್ದಾಗಲೂ ಪರಿಶ್ರಮಿಗಳು ಸುಮ್ಮನಿರುವುದಿಲ್ಲ. ಬ್ರದರ್ ಕಂಪೆನಿಯ ಕ್ಯು.ಎಲ್. ಮಾಲಿಕೆಗೂ ಪಿ-ಟಚ್ ಮಾಲಿಕೆಗೂ ಹೊರಗಿನವರು ಬರೆದ ಮುಕ್ತ ಉಪಕರಣಗಳಿವೆ. ತಯಾರಕರೇ ಚಾಲಕವನ್ನು ಕೊಟ್ಟಿರುವಲ್ಲಿ ಅದು ಯಾವ ಜಾತಿಯ ಕಂಪ್ಯೂಟರಿಗೆ ಎಂಬುದನ್ನು ನೋಡಬೇಕು. ಇಂಟೆಲ್ ಮಾದರಿಯ ಯಂತ್ರಕ್ಕೆಂದು ಕೊಟ್ಟ ಮುಚ್ಚಿದ ಚಾಲಕವು ರಾಸ್ಪ್‌ಬೆರಿ ಪೈಯಂಥ ಚಿಕ್ಕ ಯಂತ್ರದಲ್ಲಿ ನಡೆಯದು. ಫೋನಿನ ಮೂಲಕವೇ, ಅದೂ ಖಾತೆ ತೆರೆದ ಮೇಲೆಯೇ ನಡೆಯುವ ಯಂತ್ರವಾದರೆ, ಆ ಕಂಪೆನಿಯು ತನ್ನ ಆ್ಯಪನ್ನು ನಿಲ್ಲಿಸಿದ ದಿನ ಯಂತ್ರದ ಆಯುಸ್ಸೂ ಮುಗಿದಂತೆ. ಯು.ಎಸ್.ಬಿ. ತಂತಿಯಿರುವುದು ಹಳೆಯ ಪದ್ಧತಿಯೆನಿಸಿದರೂ ನಂಬಿಕೆಗೆ ತಕ್ಕುದು.

ಯಂತ್ರದ ಮಾತಿನಂತೆಯೇ ಅದರ ಆಹಾರವನ್ನೂ ವಿಚಾರಿಸಬೇಕು. ಡೈಮೋ ಕಂಪೆನಿಯ ಲೇಬಲ್‌ರೈಟರ್ 450 ಮಾಲಿಕೆಯ ಯಂತ್ರಗಳು ಯಾರ ಸುರುಳಿಯನ್ನು ಹಾಕಿದರೂ ಅಚ್ಚು ಮಾಡುತ್ತಿದ್ದುವು. ಅದರ ಮುಂದಿನ 550 ಮಾಲಿಕೆಯಲ್ಲಿ ಸುರುಳಿಗೆ ಒಂದು ಎಲೆಕ್ಟ್ರಾನಿಕ್ ಗುರುತನ್ನು ಸೇರಿಸಿದರು. ಸುರುಳಿಯ ಅಳತೆಯನ್ನೂ ಉಳಿದ ಚೀಟಿಗಳ ಸಂಖ್ಯೆಯನ್ನೂ ಯಂತ್ರವು ತಾನೇ ಅರಿಯುವುದೆಂಬುದು ಅದರ ಪ್ರಯೋಜನ. ಆ ಗುರುತಿಲ್ಲದ ಬೇರೆಯವರ ಸುರುಳಿಯನ್ನು ಯಂತ್ರವು ಒಪ್ಪುವುದಿಲ್ಲವೆಂಬುದು ಅದರ ಫಲ. 2022ರಲ್ಲಿ ಅಮೆರಿಕದಲ್ಲಿ ಇದನ್ನು ಕುರಿತು ಬಹಳ ಟೀಕೆಗಳು ನಡೆದುವು. ಅನುಕೂಲವನ್ನು ಬೇಕೆಂದು ಕೊಳ್ಳುವವರು ಕೊಳ್ಳಲಿ. ಆದರೆ ಚಿಕ್ಕ ಊರಿನ ಗೃಹಸ್ಥನಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ ಯಾವ ಸುರುಳಿಯಾದರೂ ಆಗುವಂತಿರಬೇಕು. ಒಬ್ಬನೇ ಅಂಗಡಿಯವನಿಗೆ ಕಾಯುವ ಮನೆಯು ಅವನ ಬಾಡಿಗೆಮನೆಯಂತಾಗುವುದು.

ಇಷ್ಟೆಲ್ಲ ಹೇಳಿದ ಮೇಲೂ, ಯಂತ್ರವೇ ಬೇಡವಾದ ಮನೆಗಳು ಇವೆಯೆಂಬುದನ್ನು ಮರೆಯಬಾರದು. ಹತ್ತು ಡಬ್ಬಿಗಳಿರುವ ಮನೆಗೆ ಒಳ್ಳೆಯ ಲೇಖನಿಯೂ ಅಂಟುಕಾಗದವೂ ಸಾಕು. ಲೇಸರ್ ಪ್ರಿಂಟರ್ ಇರುವವರು ಎ4 ಅಳತೆಯ ಚೀಟಿಹಾಳೆಗಳನ್ನು ತಂದು, ಜಿ-ಲೇಬಲ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಪುಸ್ತಕಗಳ ಪಟ್ಟಿಯನ್ನು ಜೋಡಿಸಿ, ಒಂದೇ ಸಲ ನೂರಾರು ಚೀಟಿಗಳನ್ನು ತೆಗೆಯಬಹುದು. ಅರ್ಧ ಬಿಡಿಸಿದ ಹಾಳೆಯನ್ನು ಮತ್ತೆ ಯಂತ್ರಕ್ಕೆ ಕೊಡಬಾರದು. ಅಂಟು ಒಳಗೆ ಹತ್ತಿಕೊಳ್ಳುವುದು. ಇಂಕ್‌ಜೆಟ್ ಯಂತ್ರದ ಮಸಿಯು ಸಾಧಾರಣವಾಗಿ ನೀರಿಗೆ ಹರಡುವುದರಿಂದ ಅಡುಗೆಮನೆಗೆ ಆಗದು. ಕೆಲವೇ ಚೀಟಿಗಳು ಬೇಕು, ಅವು ಬಹುಕಾಲ ಇರಬೇಕು ಎನ್ನುವವರಿಗೆ, ಅಕ್ಷರದ ಮೇಲೆ ಪಾರದರ್ಶಕ ಪೊರೆಯನ್ನು ಹೊದಿಸಿ ಕೊಡುವ ಪಿ-ಟಚ್ ಜಾತಿಯ ಟೇಪ್ ಯಂತ್ರವು ಸಾಕು. ವರ್ಷಕ್ಕೆ ಸಾವಿರ ಚೀಟಿಗಳು ಬೇಕಾದ ಮನೆಗೆ ಮಾತ್ರ ದೊಡ್ಡ ಯಂತ್ರ.

ಅಂಚೆಯವರ ಮನೆಯು ಈ ಕೊನೆಯ ವರ್ಗಕ್ಕೆ ಸೇರಿತು. ಪುಸ್ತಕಗಳು, ಅಡುಗೆಮನೆ, ಔಷಧ, ಶಿಡ್ಲಘಟ್ಟದ ಹುಳುಮನೆ, ಎಲ್ಲವನ್ನೂ ಲೆಕ್ಕಹಾಕಿ, ರಿಬ್ಬನ್ ಹಾಕುವ, 300 ಚುಕ್ಕೆಯ, ಯು.ಎಸ್.ಬಿ. ತಂತಿಯ, ಪ್ರಕಟವಾದ ಆಜ್ಞಾಭಾಷೆಯ ಒಂದು ಯಂತ್ರವನ್ನು ಅವರು ಆರಿಸಿದರು. ಬೆಲೆ ಹೆಚ್ಚಾದುದರಿಂದ, ಒಂದು ಗೋದಾಮಿನಲ್ಲಿ ಕೆಲಸ ಮಾಡಿ ಬಂದ ಹಳೆಯದನ್ನೇ ಕೊಂಡರು. ಅಂಗಡಿಯಲ್ಲಿ ಮೊಮ್ಮಗಳು ತನ್ನ ಲ್ಯಾಪ್‌ಟಾಪಿನಿಂದ ನಾಲ್ಕು ಊರುಗಳ ಹೆಸರುಗಳನ್ನು ಅಚ್ಚು ಮಾಡಿದಾಗ ಅಂಗಡಿಯವನು ನಕ್ಕನು. “ಇದು ಬಿಲ್ಲಿನ ಪರೀಕ್ಷೆಯಲ್ಲವಮ್ಮ, ಭೂಗೋಳದ ಪರೀಕ್ಷೆ” ಎಂದನು. ಯಜಮಾನರು ಭೂತಗನ್ನಡಿಯನ್ನು ಹಿಡಿದು ನೋಡಿ, “ಶಿಡ್ಲಘಟ್ಟ ಪಾಸಾಯಿತು, ಕೊಡಿ” ಎಂದರು.

ಮನೆಗೆ ಬಂದ ಮೇಲೆ ಮೊದಲು ಆದುದು ಔಷಧದ ಚೀಟಿ. ‘ಬೆಳಿಗ್ಗೆ’ ಎಂಬುದರ ಕೆಳಗೆ ಒಂದು ಸೂರ್ಯನ ಚಿತ್ರ, ‘ರಾತ್ರಿ’ ಎಂಬುದರ ಕೆಳಗೆ ಚಂದ್ರನ ಚಿತ್ರ. ಅಕ್ಷರವನ್ನು ಕಾಣದ ದಿನ ಬಂದರೂ ಆಕಾರವು ತಿಳಿದೀತೆಂಬುದು ಸೊಸೆಯ ಸೂಚನೆ. ಅದಲ್ಲದೆ ಸೀಸೆಗಳನ್ನು ಕಿಟಕಿಯ ದಂಡೆಯಿಂದ ತೆಗೆದು ಬೇರೆ ಬೇರೆ ಕಪಾಟುಗಳಲ್ಲಿ ಇರಿಸಿದರು. ಔಷಧಕ್ಕೂ ಬಿಸಿಲು ಆಗದು. ವರ್ಷಕ್ಕೊಮ್ಮೆ, ಯುಗಾದಿಗೆ ಮನೆಯನ್ನು ಗುಡಿಸಿ ಸಾರಿಸುವಾಗ, ಪ್ರತಿಯೊಂದು ಚೀಟಿಯನ್ನೂ ಓದಿ ನೋಡುವುದೆಂಬ ನಿಯಮವಾಯಿತು. ಎಷ್ಟು ಒಳ್ಳೆಯ ಯಂತ್ರವೂ ಈ ಕೊನೆಯ ಕೆಲಸವನ್ನು ತಾನು ವಹಿಸಿಕೊಳ್ಳಲಾರದು.

ಶಿಡ್ಲಘಟ್ಟದ ಹುಡುಗನು ಪಾಲಿಯೆಸ್ಟರ್ ಚೀಟಿಗಳ ಕಟ್ಟನ್ನು ತೆಗೆದುಕೊಂಡು ಹೋದನು. ಪ್ರತಿ ತಟ್ಟೆಗೂ ಸಂಖ್ಯೆ. ದಿನಾಂಕ ಬದಲಾಗುವುದರಿಂದ ಅದನ್ನು ಮಾತ್ರ ಕೈಯಲ್ಲಿ ಬರೆಯಲು ಖಾಲಿ ಜಾಗ. ಯಂತ್ರವು ಮಾಡತಕ್ಕುದನ್ನು ಯಂತ್ರಕ್ಕೂ ಕೈ ಮಾಡತಕ್ಕುದನ್ನು ಕೈಗೂ ಬಿಟ್ಟ ಆ ವಿವೇಕವು ಮೆಚ್ಚತಕ್ಕುದು.

ಯಂತ್ರಗಳು ಬರುವುವು, ಹೋಗುವುವು. ಐದು ವರ್ಷಗಳಾದ ಮೇಲೆ ಈ ಮಾದರಿಗಳ ಹೆಸರುಗಳೂ ಹಳತಾಗುವುವು. ಆದರೆ ಗೃಹಸ್ಥನು ಕೇಳಬೇಕಾದ ಪ್ರಶ್ನೆಗಳು ಹಳತಾಗವು. ಹೆಸರು ವಸ್ತುವಿನಷ್ಟು ಕಾಲ ಬಾಳುವುದೇ? ಅದನ್ನು ಓದಬೇಕಾದವರ ಲಿಪಿಯಲ್ಲಿ, ಅವರ ಕಣ್ಣಿಗೆ ಕಾಣುವಷ್ಟು ದಪ್ಪವಾಗಿ ಇರುವುದೇ? ನಾಳೆ ಕಂಪ್ಯೂಟರು ಬದಲಾದರೂ, ಅಂಗಡಿಯು ಮುಚ್ಚಿದರೂ, ಇದೇ ಯಂತ್ರದಿಂದ ಇನ್ನೊಂದು ಚೀಟಿಯನ್ನು ತೆಗೆಯಬಹುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಬೆಲೆಯ ಚೌಕಾಸಿಗೆ ತೊಡಗಬಹುದು. ತನ್ನ ಮನೆಯ ಪದಾರ್ಥಕ್ಕೆ ಹೆಸರಿಡುವ ಅಧಿಕಾರವನ್ನು ಯಾರೂ ಮತ್ತೊಬ್ಬರ ಕೈಗೆ ಕೊಡಬೇಕಾಗಿಲ್ಲ.